ಸಹಾಯ ಬೇಕು: ಕೆಲಸಕ್ಕೆ ಹೋಗುವ ತಾಯಂದಿರು ಎದೆಹಾಲು ಹೇಗೆ ತೆಗೆದಿಡುತ್ತೀರಿ?

ಅಕ್ಕಂದಿರೇ, ನಾವು ಸಕಲೇಶಪುರದವರು. ಮಗಳಿಗೆ 5 ತಿಂಗಳು. ಹೆರಿಗೆ ರಜೆ ಮುಗೀತು, ಸೋಮವಾರದಿಂದ ಹಾಸನಕ್ಕೆ ಬಸ್ಸಲ್ಲಿ ಓಡಾಟ. 6 ತಿಂಗಳವರೆಗೆ ಬರೀ ಎದೆಹಾಲು ಸಾಕು ಅಂತ ಆಶಾ ಕಾರ್ಯಕರ್ತೆ ಹೇಳಿದ್ದಾರೆ. ಆದರೆ ಕೈಯಲ್ಲಿ ಹಿಂಡಿದರೆ ಲೋಟದ ತಳ ಮುಚ್ಚುವಷ್ಟೂ ಬರುವುದಿಲ್ಲ. ಮಗು ಅತ್ತರೆ ಮಾತ್ರ ರವಿಕೆಯೆಲ್ಲ ಒದ್ದೆ! ಕೈಪಂಪ್ ಸಾಕಾ, ಕರೆಂಟಿಂದೇ ಬೇಕಾ? ತೆಗೆದ ಹಾಲು ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇಡಬಹುದು ಅಂತ ಗೊತ್ತು. ಆಫೀಸಲ್ಲಿ ಫ್ರಿಜ್ ಇಲ್ಲ. ಐಸ್ ಹಾಕಿದ ಡಬ್ಬಿಯಲ್ಲಿ ಸಂಜೆ ಬಸ್ಸಲ್ಲಿ ತಂದವರು ಯಾರಾದರೂ ಇದ್ದೀರಾ?

ಇನ್ನೊಂದು ತಲೆಬಿಸಿ. ಪುಡಿ ಹಾಲು ಕುಡಿದರೆ ಮಗು ದಡ್ಡ ಆಗುತ್ತೆ ಅಂತ ಅತ್ತೆಗೆ ಹೆದರಿಕೆ. (ಅವರ ಮಗ ಡಬ್ಬಿ ಹಾಲು ಕುಡಿದೇ ಇಂಜಿನಿಯರ್ ಆದವರು. ಅದನ್ನು ಕೇಳಿದರೆ ಮಾತು ಬದಲಿಸುತ್ತಾರೆ.) ಬೆಲಾರೂಸ್‌ನಲ್ಲಿ ಸುಮಾರು 17,000 ಮಕ್ಕಳ ಮೇಲೆ ನಡೆದ ಅಧ್ಯಯನದ ಬಗ್ಗೆ ಓದಿದೆ. ಎದೆಹಾಲು ಕುಡಿಸಲು ತಾಯಂದಿರಿಗೆ ಹೆಚ್ಚು ನೆರವು ಕೊಟ್ಟ ಆಸ್ಪತ್ರೆಗಳ ಮಕ್ಕಳು ಆರೂವರೆ ವರ್ಷಕ್ಕೆ ಬುದ್ಧಿ ಪರೀಕ್ಷೆಯಲ್ಲಿ ಮುಂದಿದ್ದರು. 16 ತುಂಬುವಷ್ಟರಲ್ಲಿ ಆ ವ್ಯತ್ಯಾಸ ಬಹಳಷ್ಟು ಕರಗಿತ್ತು. ಸೋಂಕು, ಭೇದಿ ತಡೆಯಲು ಎದೆಹಾಲು ಒಳ್ಳೆಯದೇ, ಅದಕ್ಕೇ ಇಷ್ಟು ಒದ್ದಾಟ. ಆದರೂ ಸಾಲದ ದಿನ ಒಂದು ಹೊತ್ತು ಪುಡಿ ಹಾಲು ಕೊಟ್ಟವರು ಮನೆಯಲ್ಲಿ ಹೇಗೆ ಒಪ್ಪಿಸಿದಿರಿ? ಹಾಸನದಲ್ಲಿ ಪಂಪ್ ಬಾಡಿಗೆಗೆ ಸಿಗುತ್ತಾ ಅಂತಲೂ ಹೇಳಿ, ಪ್ಲೀಸ್.