ಅಪ್‌ಡೇಟ್: ಫೋಟೋ ಅಪ್‌ಲೋಡ್ ಸಮಸ್ಯೆ ಬಗೆಹರಿಯಿತು

ಪಿಎಚ್‌ಪಿಯಲ್ಲಿ (ವೆಬ್‌ಸೈಟ್ ಮಾಡಲು ಬಳಸುವ ಪ್ರೋಗ್ರಾಮಿಂಗ್ ಭಾಷೆ) ಬರೆದ ವೆಬ್ ಫಾರ್ಮ್‌ನಲ್ಲಿ ಚಿಕ್ಕ ಚಿತ್ರ ಹೋಗುತ್ತೆ, ಆದರೆ ಮೊಬೈಲ್‌ನ ಮೂರ್ನಾಲ್ಕು ಫೋಟೋ ಒಟ್ಟಿಗೆ ಹಾಕಿದರೆ ಹೆಸರು, ಫೋನ್ ನಂಬರ್ ಕೂಡ ಖಾಲಿ ಬರುತ್ತೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಕೋಡ್ ಸರಿಯಾಗೇ ಇತ್ತು. ಸರ್ವರ್‌ನಲ್ಲಿ ಒಂದೊಂದು ಫೈಲ್‌ನ ಮಿತಿ 20 ಎಂಬಿ ಇತ್ತು, ಆದರೆ ಇಡೀ ಫಾರ್ಮ್‌ಗೆ ಅನ್ವಯಿಸುವ ಪೋಸ್ಟ್ ಮ್ಯಾಕ್ಸ್ ಸೈಜ್ (ಒಂದು ಸಲಕ್ಕೆ ಕಳಿಸಬಹುದಾದ ಒಟ್ಟು ಡೇಟಾದ ಮಿತಿ) ಮಾತ್ರ ಡೀಫಾಲ್ಟ್ 8 ಎಂಬಿಯಲ್ಲೇ ಇತ್ತು. ಅದು ದಾಟಿದರೆ ಪಿಎಚ್‌ಪಿ ಫಾರ್ಮ್‌ನ ಮಾಹಿತಿ ಇರುವ ಪೋಸ್ಟ್, ಫೈಲ್‌ಗಳ ವಿವರ ಇರುವ ಫೈಲ್ಸ್ ಎರಡೂ ಅರೇಗಳನ್ನು (ಪಟ್ಟಿಗಳನ್ನು) ಖಾಲಿ ಕೊಡುತ್ತದೆ, ಹಾಗಾಗಿ ನೋಡಲು ಎರರ್ ಕೋಡೂ ಇರುವುದಿಲ್ಲ. ಇದೇ ಜಾಸ್ತಿ ದಾರಿ ತಪ್ಪಿಸುವುದು. ಆ ಮಿತಿಯನ್ನು 64 ಎಂಬಿ ಮಾಡಿ ಎಫ್‌ಪಿಎಂ (ಸರ್ವರ್‌ನಲ್ಲಿ ಪಿಎಚ್‌ಪಿ ನಡೆಸುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡಿದೆ, ಎಲ್ಲಾ ಫೋಟೋ ಬರುತ್ತಿವೆ. 413 ಎರರ್ (ಕಳಿಸಿದ ಡೇಟಾ ತುಂಬಾ ದೊಡ್ಡದು ಎಂಬ ಎರರ್) ಬರುತ್ತಿದ್ದರೆ ಅದು ಬೇರೆ, ವೆಬ್ ಸರ್ವರ್ ಪ್ರೋಗ್ರಾಂ ಎನ್‌ಜಿನ್‌ಎಕ್ಸ್‌ನ 1 ಎಂಬಿ ಡೀಫಾಲ್ಟ್ ಮಿತಿ ನೋಡಿ. ಕಂಟೆಂಟ್ ಲೆಂತ್ (ಕಳಿಸಿದ ಡೇಟಾದ ಒಟ್ಟು ಗಾತ್ರ) ಪ್ರಿಂಟ್ ಮಾಡಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಸುಳಿವು ಸಿಕ್ಕಿದ್ದೇ ಅಲ್ಲಿಂದ.