ಮರಿ ಆಮೆಯ ಲೈಟು, ಗೂಡು: ನಾನು ಎಲ್ಲಿ ತಪ್ಪಿದೆ?

ಪುಟ್ಟಚಿಪ್ಪು:
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಮೂರು ತಿಂಗಳ ನೆಲಾಮೆ ಮರಿ ಇದೆ, ಹರ್ಮನ್ ಜಾತಿಯದು. ತೂಕ 28 ಗ್ರಾಂ. ಮನೆಗೆ ಬಂದು ಹದಿನಾರು ದಿನ ಆಯ್ತು. ಮೊದಲ ವಾರ ಚೆನ್ನಾಗೇ ಓಡಾಡ್ತಿತ್ತು. ಈಗ ಬೆಳಿಗ್ಗೆ ಲೈಟು ಹಾಕಿದ ತಕ್ಷಣ ದೂರದ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ, ಮುಂಗಾಲಿಂದ ಮರಳು ಕೆರೆದು ಮೂತಿ ಹುದುಗಿಸಿ ಕೂತುಬಿಡುತ್ತೆ. ಕಣ್ಣು ಅರ್ಧ ಮುಚ್ಚಿರುತ್ತೆ. ನಿನ್ನೆ ಎರಡೇ ಎರಡು ಎಲೆ ತಿಂದಿದ್ದು.

ಇರೋ ವ್ಯವಸ್ಥೆ ಹೇಳ್ತೀನಿ. ಎರಡು ಅಡಿ ಗಾಜಿನ ತೊಟ್ಟಿ, ಅರ್ಧಕ್ಕೆ ಗಾಜಿನ ಮುಚ್ಚಳ. ಅದರ ಮೇಲೆ ಸುರುಳಿ ಆಕಾರದ ಯುವಿಬಿ ಬಲ್ಬು (ಬಿಸಿಲಲ್ಲಿರೋ ನೇರಳಾತೀತ ಕಿರಣ ಕೊಡೋದು). ತೆರೆದ ಕಡೆ 100 ವ್ಯಾಟಿನ ಸ್ಪಾಟ್ ಬಲ್ಬು ನೇತಾಕಿದೀನಿ. ರಾತ್ರಿಗೆ ಕೆಂಪು ಬಲ್ಬು. ಕೆಳಗೆ ಒಣ ಮರಳು. ಗೋಡೆಗೆ ಅಂಟಿಸಿದ ಥರ್ಮಾಮೀಟರು 28 ಡಿಗ್ರಿ ತೋರಿಸುತ್ತೆ. ಆಮೆ ಕೊಟ್ಟವರು ಇಷ್ಟು ಸಾಕು ಅಂದಿದ್ರು. ರಾತ್ರಿ ಎದ್ದೆದ್ದು ನೋಡ್ತಿದೀನಿ, ದಯವಿಟ್ಟು ಯಾರಾದ್ರೂ ಹೇಳಿ.

ನಿಧಾನಗಾಲು:
ಮೊದಲು ಒಂದು ಕೆಲಸ ಮಾಡಿ. ಸ್ಪಾಟ್ ಬಲ್ಬಿನ ನೇರ ಕೆಳಗೆ ಚಪ್ಪಟೆ ಕಲ್ಲು ಇಟ್ಟು, ಮರಿಯ ಬೆನ್ನು ಇರೋ ಎತ್ತರದಲ್ಲಿ ಥರ್ಮಾಮೀಟರು ಇಡಿ. ಒಂದು ಗಂಟೆ ಬಿಟ್ಟು ನೋಡಿ. ಗೋಡೆ ಮೇಲಿನ ಅಂಕಿ ಗೋಡೆಗಷ್ಟೇ ಸೇರಿದ್ದು. ಮರಿಯ ಬೆನ್ನಿಗೆ ಎಷ್ಟು ಬೀಳ್ತಿದೆ ಅನ್ನೋದು ನಮಗೆ ಬೇಕು.

ಗಾಜಿನ ಮುಚ್ಚಳ ಈಗಲೇ ತೆಗೀರಿ. ಯುವಿಬಿ ಮಾಮೂಲಿ ಗಾಜನ್ನ ದಾಟಲ್ಲ. ಬಲ್ಬು ಉರೀತಿದೆ, ಬೆಳಕು ಕಾಣ್ತಿದೆ, ಆದ್ರೆ ಮರಿಗೆ ಬೇಕಾಗಿರೋದು ಹೆಚ್ಚುಕಡಿಮೆ ಏನೂ ಸಿಕ್ಕಿಲ್ಲ. ಕಿಟಕಿ ಗಾಜಿನ ಹಿಂದೆ ಬಿಸಿಲಿಗೆ ಇಟ್ರೂ ಅದೇ ಕಥೆ. ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗೋಕೆ 290ರಿಂದ 315 ನ್ಯಾನೋಮೀಟರಿನ ಕಿರಣ ಬೇಕು. ಡಿ3 ಇಲ್ಲದಿದ್ರೆ ಎಷ್ಟು ಕ್ಯಾಲ್ಸಿಯಂ ಪುಡಿ ಉದುರಿಸಿದ್ರೂ ಮೈಗೆ ಹತ್ತಲ್ಲ, ಚಿಪ್ಪು ಮೆತ್ತಗಾಗ್ತಾ ಹೋಗುತ್ತೆ.

ಪುಟ್ಟಚಿಪ್ಪು:
ಮುಚ್ಚಳ ತೆಗೆದೆ. ಕಲ್ಲಿಟ್ಟು ಅಳೆದೆ. 46 ಡಿಗ್ರಿ! ಎರಡು ಸಲ ನೋಡಿದೆ. ಕೈಕಾಲು ತಣ್ಣಗಾಯ್ತು ನನಗೆ.

ನಿಧಾನಗಾಲು:
ಅದಕ್ಕೇ ಮರಿ ಗೋಡೆಗೆ ಮುಖ ಮಾಡ್ತಿತ್ತು. ಸೋಮಾರಿತನ ಅಲ್ಲ, ಸಿಟ್ಟೂ ಅಲ್ಲ, ಓಡಿಹೋಗೋಕೆ ಬೇರೆ ಜಾಗ ಇರ್ಲಿಲ್ಲ ಅದಕ್ಕೆ. ಎರಡು ಅಡಿ ತೊಟ್ಟಿಯಲ್ಲಿ ಒಂದು ತುದಿ ಕಾದ್ರೆ ಇನ್ನೊಂದು ತುದಿಯೂ ಕಾಯುತ್ತೆ. ಬಲ್ಬನ್ನ ಮೇಲೆತ್ತಿ, ಅಥವಾ 50 ವ್ಯಾಟಿಂದು ಹಾಕಿ. ಬಲ್ಬಿನ ಕೆಳಗೆ 32ರಿಂದ 35, ಇನ್ನೊಂದು ತುದಿಯಲ್ಲಿ 24ರ ಆಸುಪಾಸು ಬರೋವರೆಗೆ ಅಳೀತಾ ಇರಿ. ಕಿರಿದಾದ ಸ್ಪಾಟ್ ಬೇಡ, ಬೆನ್ನಿನ ಒಂದೇ ಬಿಂದುವನ್ನ ಸುಡುತ್ತೆ. ಇಡೀ ಮೈ ಮೇಲೆ ಹರಡೋ ಫ್ಲಡ್ ಬಲ್ಬು ಒಳ್ಳೇದು.

ಸುರುಳಿ ಬಲ್ಬಿನ ಬದಲು ಟಿ5 ಅನ್ನೋ ತೆಳು ಉದ್ದನೆಯ ಯುವಿಬಿ ಟ್ಯೂಬು, ರಿಫ್ಲೆಕ್ಟರ್ ಸಮೇತ ಹಾಕಿ. ಸುರುಳಿಯ ಯುವಿಬಿ ಬಲ್ಬಿನ ಹತ್ರ ಮಾತ್ರ ಇರುತ್ತೆ, ಸ್ವಲ್ಪ ದೂರ ಹೋದ್ರೆ ಕರಗಿಹೋಗುತ್ತೆ. ಟ್ಯೂಬು ಉದ್ದಕ್ಕೂ ಹರಡುತ್ತೆ. ಬೆನ್ನಿಂದ 30ರಿಂದ 40 ಸೆಂಟಿಮೀಟರು ಎತ್ತರದಿಂದ ಶುರು ಮಾಡಿ, ಆಮೇಲೆ ಪ್ಯಾಕೆಟ್ ಮೇಲಿನ ದೂರ ನೋಡಿ ಸರಿಮಾಡಿ. ಬಿಸಿ ಬಲ್ಬು, ಟ್ಯೂಬು ಎರಡೂ ಒಂದೇ ಕಡೆ ಇರಲಿ, ಬಿಸಿಲಲ್ಲಿ ಇರೋ ಹಾಗೆ ಬಿಸಿಯೂ ಕಿರಣವೂ ಒಟ್ಟಿಗೆ ಸಿಗಲಿ. ನಡುವೆ ಜಾಲರಿ ಇದ್ರೆ ಅದೂ ಒಂದಷ್ಟು ಕಿರಣ ತಿನ್ನುತ್ತೆ. ಟ್ಯೂಬಿನ ಮೇಲೆ ಹಾಕಿದ ತಾರೀಖು ಬರೆದಿಡಿ. ಬೆಳಕು ಹಾಗೇ ಇದ್ರೂ ಒಳಗಿನ ಯುವಿಬಿ ಕುಗ್ಗುತ್ತಾ ಬರುತ್ತೆ, ನಾನು ವರ್ಷಕ್ಕೊಮ್ಮೆ ಬದಲಾಯಿಸ್ತೀನಿ.

ಕೆಂಪು ಬಲ್ಬು ಬೇಡವೇ ಬೇಡ. ಆಮೆಗೆ ಕೆಂಪು ಬೆಳಕು ಕಾಣುತ್ತೆ, ರಾತ್ರಿ ಅದಕ್ಕೆ ಕತ್ತಲೆ ಬೇಕು. ಮನೆ 20ಕ್ಕಿಂತ ತಣ್ಣಗಾಗ್ತಿದ್ರೆ ಬೆಳಕು ಕೊಡದ ಸೆರಾಮಿಕ್ ಹೀಟರನ್ನ ಥರ್ಮೋಸ್ಟಾಟಿಗೆ ಸೇರಿಸಿ ಹಾಕಿ. ಹಗಲು 12 ಗಂಟೆ, ಟೈಮರಿಗೆ ಬಿಡಿ.

ಒಣಮಣ್ಣು:
ಹರ್ಮನ್ ಒಣ ಬೆಟ್ಟದ ಆಮೆ. ತೇವ ಕೊಟ್ರೆ ಶೀತ ಆಗುತ್ತೆ. ಮರಳೇ ಇರಲಿ ಅಂತ ನನ್ನ ಅಭಿಪ್ರಾಯ.

ನಿಧಾನಗಾಲು:
ದೊಡ್ಡ ಆಮೆಯ ಮಾತು ಬೇರೆ, ಮರಿಯ ಮಾತು ಬೇರೆ. ಮೊಟ್ಟೆಯೊಡೆದ ಮರಿಗಳು ಬಯಲಲ್ಲಿ ಅಡ್ಡಾಡೋದು ಕಡಿಮೆ, ಪೊದೆಯ ಬುಡದಲ್ಲಿ ಹಸಿ ಮಣ್ಣು, ಎಲೆಯ ನಡುವೆ ಅಡಗಿರ್ತಾವೆ. ಸುಲ್ಕಾಟಾ ಅನ್ನೋ ಆಫ್ರಿಕಾದ ನೆಲಾಮೆಯ ಮರಿಗಳ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಪ್ಪು ಗೋಪುರ ಗೋಪುರವಾಗಿ ಏಳೋಕೆ ಒಣ ಗಾಳಿಯೇ ಪ್ರೋಟೀನಿಗಿಂತ ದೊಡ್ಡ ಕಾರಣ ಅಂತ ಕಂಡುಬಂತು. ನನ್ನ ಮೊದಲ ಆಮೆಯನ್ನ ನಾನು ಮರಳಲ್ಲೇ ಸಾಕಿದ್ದು. ಅದಕ್ಕೀಗ ಒಂಬತ್ತು ವರ್ಷ. ಬೆನ್ನಿನ ಪ್ರತಿ ಬಿಲ್ಲೆಯೂ ಉಬ್ಬಿ ನಿಂತಿದೆ, ಬೆರಳಾಡಿಸಿದಾಗ ಪ್ರತಿ ಏರೂ ಕೈಗೆ ಸಿಗುತ್ತೆ. ಅದನ್ನ ಇಳಿಸೋಕೆ ಈಗ ನನ್ನ ಕೈಲಿ ಆಗಲ್ಲ. ಅದಕ್ಕೇ ಇಷ್ಟುದ್ದ ಬರೀತಿದೀನಿ.

ನೀವು ಹೇಳಿದ ಶೀತ ಬರೋದು ತೇವವೂ ಚಳಿಯೂ ಕೂಡಿದಾಗ. ಬೆಚ್ಚಗಿದ್ರೆ ತೇವದಿಂದ ತೊಂದರೆಯಿಲ್ಲ. ಮರಳು ತೆಗೆದು, ತೆಂಗಿನ ನಾರಿನ ಪುಡಿ, ಗೊಬ್ಬರ ಹಾಕದ ಮಣ್ಣು ಕಲಸಿ ನಾಲ್ಕು ಬೆರಳು ದಪ್ಪ ಹಾಸಿ. ಮುಷ್ಟಿಯಲ್ಲಿ ಹಿಂಡಿದ್ರೆ ಉಂಡೆ ಆಗಬೇಕು, ನೀರು ಇಳೀಬಾರದು. ತಣ್ಣನೆಯ ತುದಿಯಲ್ಲಿ ಒಂದು ಮಣ್ಣಿನ ಕುಂಡವನ್ನ ಅಡ್ಡ ಮಲಗಿಸಿ ಅರ್ಧ ಹೂತು, ಒಳಗೆ ಒದ್ದೆ ಪಾಚಿ ತುಂಬಿ. ಸಾಧ್ಯವಾದ್ರೆ ನಾಲ್ಕು ಅಡಿ ಉದ್ದದ ಪೆಟ್ಟಿಗೆಗೆ ಬದಲಾಯಿಸಿ. ಅಲ್ಲಿವರೆಗೆ ಗಾಜಿನ ಮೂರು ಬದಿಗೆ ಹೊರಗಿಂದ ಕಾಗದ ಅಂಟಿಸಿ, ಆಚೆ ಕಾಣೋ ಗಾಜಿಗೆ ಮರಿ ಸುಮ್ಮನೆ ತಲೆ ಒತ್ತಿ ದಣಿಯುತ್ತೆ.

ಹಸಿರೆಲೆ:
ಇನ್ನೊಂದು ಮಾತು ಸೇರಿಸ್ತೀನಿ. ದಿನಾ ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ 15 ನಿಮಿಷ ಕೂರಿಸಿ, ನೀರು ಗದ್ದದ ಮಟ್ಟ ದಾಟಬಾರದು. ಈ 46 ಡಿಗ್ರಿಯಲ್ಲಿ ಮರಿ ತುಂಬಾ ಒಣಗಿರುತ್ತೆ. ಕಣ್ಣು ಊದಿದ್ರೆ, ಮೂಗಲ್ಲಿ ಗುಳ್ಳೆ ಬಂದ್ರೆ, ಅಥವಾ ಶಾಖ ಸರಿಯಾದ ಮೇಲೂ ಎರಡು ದಿನ ತಿನ್ನದಿದ್ರೆ ಕಾಯಬೇಡಿ, ಸರೀಸೃಪ ನೋಡೋ ಪಶುವೈದ್ಯರ ಹತ್ರ ಕರ್ಕೊಂಡು ಹೋಗಿ. ಚಿಪ್ಪು ಗಟ್ಟಿ ಇದೆಯಾ ಅಂತ ಪದೇ ಪದೇ ಒತ್ತಿ ನೋಡಬೇಡಿ, ಈ ವಯಸ್ಸಲ್ಲಿ ಸ್ವಲ್ಪ ಬಳುಕೋದು ಸಹಜ.

ಪುಟ್ಟಚಿಪ್ಪು:
ಐದು ದಿನ ಆಯ್ತು. ಬಲ್ಬು ಬದಲಾಯಿಸಿದೆ, ಈಗ ಕಲ್ಲಿನ ಮೇಲೆ 34. ಟ್ಯೂಬು ನಿನ್ನೆ ಹಾಕಿದೆ, ತಾರೀಖೂ ಬರೆದೆ. ಇವತ್ತು ಬೆಳಿಗ್ಗೆ ಲೈಟು ಬಂದು ಹತ್ತು ನಿಮಿಷಕ್ಕೆ ಕುಂಡದಿಂದ ಮೊದಲು ಮೂಗು ಬಂತು, ಅದರ ಮೇಲೊಂದು ಪಾಚಿಯ ಎಳೆ. ಆಮೇಲೆ ನಿಧಾನವಾಗಿ ಕಲ್ಲಿನ ತನಕ ನಡೆದು, ಹಿಂಗಾಲು ಎರಡೂ ಚಾಚಿ, ಕತ್ತು ನೆಲಕ್ಕಿಟ್ಟು ಮಲಗಿತು. ತೂಕ 29 ಗ್ರಾಂ. ನಿಧಾನಗಾಲು ಅವರೇ, ನಿಮ್ಮ ದೊಡ್ಡ ಆಮೆಗೆ ನನ್ನ ಕಡೆಯಿಂದ ಒಂದು ಎಲೆ ಜಾಸ್ತಿ ಕೊಡಿ.