ಆರ್ಚರ್ ಬಂದರು, ಬುಮ್ರಾ ಕೂತರು: ಗಾಯವಾದ ವೇಗಿಗೆ ಟೆಸ್ಟ್ ಆಡುವ ಸಮಯ ಯಾವುದು?

ಸುರತ್ಕಲ್ ವೇಗಿ:
ಇಂಗ್ಲೆಂಡಿನಲ್ಲಿ 2025ರ ಸರಣಿಯ ಕೊನೆಯ ಪಂದ್ಯ, ಓವಲ್ ಟೆಸ್ಟ್, ಮುಗಿದು ಮೂರು ದಿನ ಆಯ್ತು. ಆರು ರನ್ನಿನಲ್ಲಿ ಗೆದ್ದೆವು, ಸರಣಿ 2-2, ಎಲ್ಲರಿಗೂ ಖುಷಿ. ಆದರೆ ನಿನ್ನೆ ಸಂಜೆ ಮಳೆ ನಿಲ್ಲಲಿ ಅಂತ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಕೂತಿದ್ದಾಗ ನಮ್ಮ ಊರಿನ ಟೀಮಿನವರೆಲ್ಲ ಬುಮ್ರಾನನ್ನು ಬೈಯುವುದು ಕೇಳಿ ಬೇಜಾರಾಯಿತು. ಸರಣಿ ಉಳಿಸುವ ಪಂದ್ಯಕ್ಕೇ ಆಡದೆ ಕೂತುಬಿಟ್ಟ, ಇವನಿಗಿಂತ ಸಿರಾಜ್ ಎಷ್ಟೋ ಮೇಲು ಅಂತ.

ಇದೇ ಜನ ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನ ವೇಗಿ ಜೋಫ್ರಾ ಆರ್ಚರ್ ಬಂದಾಗ ಎದುರಾಳಿ ಅಂತಲೂ ನೋಡದೆ ಮೆಚ್ಚಿಕೊಂಡಿದ್ದರು. 2021ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಆಡಿದವರು ಮುಂದಿನ ಟೆಸ್ಟ್ ಆಡಿದ್ದು ಈ ಜುಲೈಯಲ್ಲಿ. ನಡುವೆ ಮೊಣಕೈಗೆ ಮತ್ತೆ ಮತ್ತೆ ಆಪರೇಷನ್, ಅದು ಸಾಲದೆಂಬಂತೆ 2022ರಲ್ಲಿ ಬೆನ್ನಿನ ಕೆಳಭಾಗದ ಮೂಳೆಯಲ್ಲಿ ಬಿರುಕು. ಬಂದವರು ಮೂರನೇ ಎಸೆತಕ್ಕೇ ಜೈಸ್ವಾಲ್ ವಿಕೆಟ್ ತೆಗೆದರು. ನನಗಂತೂ ಮೈ ಜುಮ್ಮೆಂದಿತು. ಆದರೆ ಮ್ಯಾಂಚೆಸ್ಟರ್ ಆಡಿದ ಮೇಲೆ ಓವಲ್‌ನಲ್ಲಿ ಅವರೂ ಹೊರಗೇ ಕೂತರು ಅಲ್ವಾ? ಅವರಿಗೊಂದು ನ್ಯಾಯ, ನಮ್ಮ ಹುಡುಗನಿಗೊಂದು ನ್ಯಾಯ ಯಾಕೆ? ಬೆನ್ನಿಗೆ ಆಪರೇಷನ್ ಆದ ಬೌಲರ್ ಐದರಲ್ಲಿ ಮೂರು ಟೆಸ್ಟ್ ಆಡಿದರೆ ನಾವು ಥ್ಯಾಂಕ್ಸ್ ಹೇಳಬೇಕು ಅಂತ ನನ್ನ ಅಭಿಪ್ರಾಯ. ನೀವೆಲ್ಲ ಏನಂತೀರಿ?

ಬಂದರ್ ಬೌಲರ್:
ನಾನು ಒಪ್ಪುವುದಿಲ್ಲ. ಸಿರಾಜ್ ಐದಕ್ಕೆ ಐದೂ ಆಡಿದರು. 185.3 ಓವರ್, 23 ವಿಕೆಟ್. ಕೊನೆಯ ದಿನ ಬೆಳಿಗ್ಗೆ ಅಟ್ಕಿನ್ಸನ್‌ಗೆ ಹಾಕಿದ ಆ ಯಾರ್ಕರ್ ನೋಡಿದಿರಾ? ಐದು ಟೆಸ್ಟ್ ಆಡಿ ದಣಿದ ಮೈಯಿಂದ ಬಂದ ಎಸೆತ ಅದು. ಕಪಿಲ್ ದೇವ್ 131 ಟೆಸ್ಟ್ ಆಡಿದರು, ನಡುವೆ ತಪ್ಪಿದ್ದು ಒಂದೇ, ಅದೂ ಗಾಯದಿಂದ ಅಲ್ಲ, ಆಯ್ಕೆಗಾರರು ಕೈಬಿಟ್ಟಿದ್ದರಿಂದ. ಆ ಕಾಲದಲ್ಲಿ ಯಾರೂ ಓವರ್ ಲೆಕ್ಕ ಹಾಕುತ್ತಿರಲಿಲ್ಲ. ದೇಶಕ್ಕೆ ಆಡುವಾಗ ಇದು ಆಡ್ತೇನೆ, ಅದು ಆಡುವುದಿಲ್ಲ ಅಂತ ಆರಿಸುವುದು ಎಂತ ಮಾರಾಯ್ರೆ?

ಇನ್ನೊಂದು. ನಾವು ಗೆದ್ದ ಎರಡೂ ಟೆಸ್ಟ್, ಎಜ್‌ಬಾಸ್ಟನ್ ಮತ್ತು ಓವಲ್, ಬುಮ್ರಾ ಇಲ್ಲದೆ ಗೆದ್ದದ್ದು. ಅವರು ಆಡಿದ ಮೂರರಲ್ಲಿ ಎರಡು ಸೋಲು, ಒಂದು ಡ್ರಾ.

ಸುರತ್ಕಲ್ ವೇಗಿ:
ಆ ಲೆಕ್ಕ ಮಾತ್ರ ಬೇಡ ಅಣ್ಣ. ಲೀಡ್ಸ್‌ನಲ್ಲಿ ಅವರ ಬಾಲಿಗೆ ಎಷ್ಟು ಕ್ಯಾಚ್ ಬಿಟ್ಟರು ಅಂತ ನಾವೆಲ್ಲ ನೋಡಿದ್ದೇವೆ. ಆದರೂ ಐದು ವಿಕೆಟ್ ಬಂತು. ಲಾರ್ಡ್ಸ್‌ನಲ್ಲೂ ಐದು. ಅಲ್ಲಿ ಸೋತದ್ದು 22 ರನ್ನಿನಲ್ಲಿ, ಅದೂ ನಾವು 193 ಹೊಡೆಯಲಾಗದೆ. ಅದು ಬೌಲರ್ ತಪ್ಪಾ?

ಮಣಿಪಾಲ ಫಿಸಿಯೋ:
ನಾನು ಮಣಿಪಾಲದಲ್ಲಿ ಫಿಸಿಯೋ, ಕ್ರೀಡಾಪಟುಗಳನ್ನೇ ಜಾಸ್ತಿ ನೋಡುವುದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ವೇಗದ ಬೌಲರ್ ಮುಂಗಾಲು ಊರುವಾಗ ಅವನ ಮೈತೂಕದ ಹಲವು ಪಟ್ಟು ಹೊಡೆತ ನೆಲದಿಂದ ತಿರುಗಿ ಬರುತ್ತದೆ. ಅದೇ ಗಳಿಗೆಯಲ್ಲಿ ಸೊಂಟ ಒಂದು ಕಡೆ ಬಾಗಿ, ಹಿಂದಕ್ಕೆ ಬಿಲ್ಲಾಗಿ, ತಿರುಗುತ್ತಲೂ ಇರುತ್ತದೆ. ಬಲಗೈ ಬೌಲರ್ ಆದರೆ ಬೆನ್ನುಮೂಳೆಯ ಕೆಳಗಿನ ಎರಡು ಮಣಿಗಳ ಎಡಬದಿಗೆ ಆ ಭಾರ ಬೀಳುವುದು ಜಾಸ್ತಿ. ಒಂದು ಎಸೆತಕ್ಕೆ ಏನೂ ಆಗುವುದಿಲ್ಲ. ಮೂಳೆ ದಿನಾ ಸವೆಯುತ್ತದೆ, ದಿನಾ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಕಟ್ಟುವುದಕ್ಕಿಂತ ಸವೆಯುವುದು ಮುಂದೆ ಹೋದರೆ ಮೊದಲು ಮೂಳೆಯ ಒಳಗೆ ಊತ, ಅದು ಎಂಆರ್‌ಐನಲ್ಲಿ ಕಾಣುತ್ತದೆ, ಆಮೇಲೆ ಬಿರುಕು.

ಈಗ ಬುಮ್ರಾ. 2022ರ ಜುಲೈಯಲ್ಲಿ ಎಜ್‌ಬಾಸ್ಟನ್ ಟೆಸ್ಟ್ ಆಡಿದವರು ಮುಂದಿನ ಟೆಸ್ಟ್ ಆಡಿದ್ದು 2023ರ ಡಿಸೆಂಬರಿನಲ್ಲಿ, ಸೆಂಚೂರಿಯನ್‌ನಲ್ಲಿ. ನಡುವೆ ನ್ಯೂಜಿಲೆಂಡಿನಲ್ಲಿ ಬೆನ್ನಿಗೆ ಆಪರೇಷನ್. ಬಂದ ಮೇಲೆ ಕೇಪ್‌ಟೌನ್‌ನಲ್ಲಿ ಆರು, ವಿಶಾಖಪಟ್ಟಣದಲ್ಲಿ ಆರು ವಿಕೆಟ್, ಎರಡೂ ಒಂದೇ ಇನ್ನಿಂಗ್ಸ್‌ನಲ್ಲಿ. ಆಮೇಲೆ ಆಸ್ಟ್ರೇಲಿಯಾದಲ್ಲಿ ಐದೂ ಟೆಸ್ಟ್ ಆಡಿದರು, 151.2 ಓವರ್, 32 ವಿಕೆಟ್. ಆ ಸರಣಿಯ ಕೊನೆ ನೆನಪಿದೆಯಾ? ಸಿಡ್ನಿಯಲ್ಲಿ ಬೆನ್ನು ಹಿಡಿದು ಆಸ್ಪತ್ರೆಗೆ ಹೋದರು, ಎರಡನೇ ಇನ್ನಿಂಗ್ಸ್‌ನಲ್ಲಿ ಒಂದು ಬಾಲೂ ಹಾಕಲಿಲ್ಲ, ಚಾಂಪಿಯನ್ಸ್ ಟ್ರೋಫಿಯೂ ಹೋಯಿತು. ಐದಕ್ಕೆ ಐದು ಆಡಿಸಿದರೆ ಏನಾಗುತ್ತದೆ ಅಂತ ಆರೇಳು ತಿಂಗಳ ಹಿಂದೆ ನೋಡಿ ಆಗಿದೆ. ಮತ್ತೆ ಅದನ್ನೇ ಮಾಡಿ ಅನ್ನುವುದು ಹೇಗೆ?

ಕಪಿಲ್ ಮಾತು ಸರಿ. ಎಲ್ಲರ ಬೆನ್ನೂ ಒಂದೇ ಅಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಅದೇ ಹಳೇ ಕಾಲದಲ್ಲಿ, 1973ರಲ್ಲಿ, ಆಸ್ಟ್ರೇಲಿಯಾದ ವೇಗಿ ಡೆನಿಸ್ ಲಿಲ್ಲಿ ಬೆನ್ನು ಬಿರುಕು ಬಿಟ್ಟಿತ್ತು. ಅವರೂ ಬಿಟ್ಟು ಕೂತು, ಮೈ ಮತ್ತೆ ಕಟ್ಟಿ, ಇಂಗ್ಲೆಂಡ್ ಮೇಲಿನ 1974-75ರ ಆಶಸ್‌ಗೆ ಬಂದು 25 ವಿಕೆಟ್ ತೆಗೆದರು. ಆಗಲೂ ಮೂಳೆ ಮುರಿಯುತ್ತಿತ್ತು ಅಣ್ಣ. ಎಷ್ಟೋ ಜನರಿಗೆ ಕಾರಣ ಗೊತ್ತಾಗುವ ಮೊದಲೇ ಆಟ ಮುಗಿಯುತ್ತಿತ್ತು.

ದುಬೈ ಕುಡ್ಲದವ:
ಡಾಕ್ಟ್ರ ಮಾತು ಒಪ್ಪಿದೆ. ನನ್ನ ತಕರಾರು ಬೇರೆ. ಬುಮ್ರಾ ಆಡುವುದು ಮೂರೇ ಟೆಸ್ಟ್ ಅಂತ ಸರಣಿಗೆ ಮೊದಲೇ ಊರಿಗೆಲ್ಲ ಹೇಳುವುದು ಯಾಕೆ? ಎದುರಾಳಿಗೆ ಲೆಕ್ಕ ಸಿಕ್ಕಿಬಿಡುತ್ತದೆ. ಒಳಗೆ ನಿರ್ಧರಿಸಿ, ಪಂದ್ಯದ ಬೆಳಿಗ್ಗೆ ಹೇಳಿದರೆ ಸಾಕಲ್ವಾ.

ಮತ್ತೆ ಮ್ಯಾಂಚೆಸ್ಟರ್ ನೋಡಿ. ಟೆಸ್ಟ್ ಜೀವನದಲ್ಲಿ ಮೊದಲ ಸಲ ಒಂದು ಇನ್ನಿಂಗ್ಸ್‌ನಲ್ಲಿ ನೂರು ರನ್ ಕೊಟ್ಟರು, 112ಕ್ಕೆ ಎರಡು ವಿಕೆಟ್. ವೇಗ ಇಳಿದದ್ದು ಟಿವಿಯಲ್ಲೇ ಕಾಣುತ್ತಿತ್ತು. ಹಾಗಾದರೆ ಮೂರು ಟೆಸ್ಟ್ ಕೂಡ ಜಾಸ್ತಿಯೇ ಆಯಿತಾ?

ಮಣಿಪಾಲ ಫಿಸಿಯೋ:
ಮೊದಲೇ ಹೇಳಿದ್ದು ತಪ್ಪು ಅಂತ ನನಗೂ ಅನಿಸುತ್ತದೆ. ಎರಡನೆಯದಕ್ಕೆ ದೂರದಿಂದ ಉತ್ತರ ಹೇಳುವುದು ಸರಿಯಲ್ಲ. ಅವರ ಮೈ ನೋಡಿದವರಿಗೆ ಮಾತ್ರ ಗೊತ್ತು. ಆದರೆ ವೇಗ ಇಳಿಯುವುದು ಮೈ ಕೊಡುವ ಮೊದಲ ಸುದ್ದಿ, ಅದನ್ನು ಕೇಳಿಸಿಕೊಂಡು ಓವಲ್‌ನಲ್ಲಿ ಕೂರಿಸಿದರು ಅಂದರೆ ಒಳ್ಳೆಯದೇ ಮಾಡಿದರು.

ಅಜ್ಜರಕಾಡು ಹಳಬ:
ನನಗೆ 64 ವರ್ಷ. ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಹದಿನೆಂಟು ವರ್ಷ ಹೊಸ ಚೆಂಡು ಹಿಡಿದವನು. ಆರ್ಚರ್, ಬುಮ್ರಾ ಎಲ್ಲ ಸರಿ, ನಮ್ಮ ಮೈಸೂರಿನ ಶ್ರೀನಾಥರನ್ನು ಯಾರೂ ನೆನೆಯಲಿಲ್ಲವಲ್ಲ ಮಕ್ಕಳೇ. 1997ರಲ್ಲಿ ಅವರ ಭುಜ ಹೋಯಿತು, ಆಪರೇಷನ್ ಆಯಿತು. ಇನ್ನು ಆ ವೇಗ ಬರುವುದಿಲ್ಲ ಅಂತ ನಮ್ಮ ಕ್ಲಬ್ಬಿನಲ್ಲೇ ಎಲ್ಲರೂ ಮಾತಾಡುತ್ತಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. 1999ರ ಫೆಬ್ರವರಿಯಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಮೇಲೆ ಐದು ಮತ್ತು ಎಂಟು, ಒಟ್ಟು ಹದಿಮೂರು ವಿಕೆಟ್ ತೆಗೆದರು. ಪಂದ್ಯ ಸೋತೆವು, ಅದು ಬೇರೆ ನೋವು. ಆದರೆ ಅವರ ಜೀವನದ ಅತ್ಯುತ್ತಮ ಬೌಲಿಂಗ್ ಬಂದದ್ದು ಆಪರೇಷನ್ ಆದ ಮೇಲೆ. 236 ವಿಕೆಟ್ ತನಕ ಹೋದರು.

ಒಂದು ಕಾಲದಲ್ಲಿ ನಮ್ಮಲ್ಲಿ ವೇಗಿಗಳೇ ಇರಲಿಲ್ಲ ಅನ್ನುವುದನ್ನೂ ನೆನಪಿಡಿ. 1967ರಲ್ಲಿ ಎಜ್‌ಬಾಸ್ಟನ್‌ನಲ್ಲಿ ನಾಲ್ಕು ಸ್ಪಿನ್ನರ್ ಆಡಿಸಿ, ಹೊಸ ಚೆಂಡನ್ನು ನಮ್ಮ ಮುಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಕೈಗೆ ಕೊಟ್ಟಿದ್ದರು. ಅವರು ವಿಕೆಟ್ ಕೀಪರ್! ಅಂಥ ದಿನ ನೋಡಿದ ದೇಶಕ್ಕೆ ಬುಮ್ರಾ ಸಿಕ್ಕಿದ್ದಾರೆ. ಜೋಪಾನ ಮಾಡಿ.

ಕುಲಶೇಖರದ ಅಮ್ಮ:
ನಾನು ಇಲ್ಲಿ ಓದುವುದು ಮಾತ್ರ, ಬರೆದದ್ದು ಇದೇ ಮೊದಲು. ನನ್ನ ಮಗನಿಗೆ 16. ಬಲಗೈ ಮೀಡಿಯಂ ಪೇಸ್, ಉದ್ದ ಹುಡುಗ. ಕಳೆದ ವರ್ಷ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಮೈದಾನವೇ ಇಲ್ಲ, ಮನೆಯಲ್ಲೇ ಇದ್ದ. ಅಕ್ಟೋಬರಿನಲ್ಲಿ ವಲಯದ ಆಯ್ಕೆ ಬರುತ್ತದೆ ಅಂತ ಅವನು ಹೋಗುವ ಕೋಚಿಂಗಿನಲ್ಲಿ ಎರಡು ವಾರ ದಿನಾ ಬೌಲಿಂಗ್ ಮಾಡಿಸಿದರು. ಒಂದು ದಿನ 20 ಓವರ್ ಹಾಕಿದೆ ಅಂತ ಹೆಮ್ಮೆಯಿಂದ ಬಂದು ಹೇಳಿದ್ದ. ಎಡಗಡೆ ಸೊಂಟ ನೋವು ಅಂದಾಗ, ನೋವಿಲ್ಲದೆ ಬೌಲರ್ ಆಗುವುದಿಲ್ಲ ಅಂದರಂತೆ. ಸ್ಪ್ರೇ ಹೊಡೆದು ಮತ್ತೆ ಹಾಕಿಸಿದರು. ಡಿಸೆಂಬರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಬಿರುಕು.

ಆರು ವಾರಕ್ಕೆ ನೋವು ಹೋಯಿತು. ಆಡ್ತೇನೆ ಅಂತ ಅತ್ತ. ನಮ್ಮ ಡಾಕ್ಟರ್ ಬಿಡಲೇ ಇಲ್ಲ. ಈ ಜುಲೈಯಲ್ಲಿ ಮತ್ತೆ ಸ್ಕ್ಯಾನ್ ಆಯಿತು, ಕೂಡಿದೆ ಅಂದರು, ನಿಧಾನ ಶುರು ಮಾಡಿ ಅಂದರು. ನಿಧಾನ ಅಂದರೆ ಎಷ್ಟು ನಿಧಾನ? ಅಕ್ಟೋಬರ್ ಮತ್ತೆ ಬರುತ್ತಾ ಇದೆ. ಅವನ ಜೊತೆಯವರೆಲ್ಲ ಮುಂದೆ ಹೋದರು ಅಂತ ರಾತ್ರಿ ನಿದ್ದೆ ಮಾಡುವುದಿಲ್ಲ.

ಬಂದರ್ ಬೌಲರ್:
ಅಕ್ಕ, ಓದಿ ಹೊಟ್ಟೆ ಉರಿಯಿತು. 16ರ ಹುಡುಗನಿಗೆ ದಿನಕ್ಕೆ 20 ಓವರಾ? ಇಂಗ್ಲೆಂಡಿನ ಬೋರ್ಡು ಆ ವಯಸ್ಸಿನ ಬೌಲರ್‌ಗಳಿಗೆ ಒಂದು ಸ್ಪೆಲ್‌ಗೆ ಎಷ್ಟು, ದಿನಕ್ಕೆ ಎಷ್ಟು ಅಂತ ಮಿತಿ ಇಟ್ಟಿದೆ. ನಾನು ದೊಡ್ಡವರ ಬಗ್ಗೆ ಮಾತಾಡಿದ್ದು, ಮಕ್ಕಳ ಬಗ್ಗೆ ಅಲ್ಲ.

ಮಣಿಪಾಲ ಫಿಸಿಯೋ:
ಅಕ್ಕ, ನಿಮ್ಮ ಡಾಕ್ಟರ್ ತಡೆದದ್ದು ನೂರಕ್ಕೆ ನೂರು ಸರಿ. ನೋವು ಹೋಗುವುದು ವಾರಗಳಲ್ಲಿ, ಮೂಳೆ ಗಟ್ಟಿಯಾಗುವುದು ತಿಂಗಳುಗಳಲ್ಲಿ. ಈ ನಡುವಿನ ಸಮಯದಲ್ಲೇ ಹುಡುಗರು ಎರಡನೇ ಸಲ ಮುರಿದುಕೊಳ್ಳುವುದು.

ನಮ್ಮ ಕರಾವಳಿಗೆ ಒಂದು ವಿಶೇಷ ತೊಂದರೆ ಉಂಟು, ಇದನ್ನು ಕೋಚ್‌ಗಳಿಗೆ ಎಷ್ಟು ಸಲ ಹೇಳಿದರೂ ಸಾಲದು. ನಾಲ್ಕು ತಿಂಗಳು ಮಳೆಗೆ ಒಂದು ಬಾಲೂ ಹಾಕದ ಮೈ, ಮಳೆ ನಿಂತ ಕೂಡಲೇ ದಿನಾ ನೂರು ಬಾಲು. ಇಂಥ ಏಕಾಏಕಿ ಏರಿಕೆಯೇ ಬೆನ್ನು ಮುರಿಯುವುದು. ಒಟ್ಟು ಎಷ್ಟು ಹಾಕಿದ ಅನ್ನುವುದಕ್ಕಿಂತ, ಹೋದ ತಿಂಗಳಿಗಿಂತ ಈ ವಾರ ಎಷ್ಟು ಜಾಸ್ತಿ ಅನ್ನುವುದನ್ನು ನೋಡಬೇಕು. ಅದರ ಮೇಲೆ ನಮ್ಮ ಮೈದಾನಗಳ ಕೆಂಪು ಕಲ್ಲಿನ ನೆಲ, ಭಾನುವಾರ ಬಂದರೆ ಒಂದೇ ದಿನ ಮೂರು ಟೆನಿಸ್ ಬಾಲ್ ಮ್ಯಾಚ್. ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೆನ್ನಿಗೆ ಟೆನಿಸ್ ಬಾಲು, ಲೆದರ್ ಬಾಲು ಅಂತ ಭೇದ ಇಲ್ಲ.

ಆರ್ಚರ್ ಒಂದೇ ಕೌಂಟಿ ಪಂದ್ಯ ಆಡಿ, ಡರ್ಹಮ್ ಮೇಲೆ 18 ಓವರ್ ಹಾಕಿ ಟೆಸ್ಟ್‌ಗೆ ಬಂದರು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲು 2024ರ ಮೇ ತಿಂಗಳಿನಿಂದ ಒಂದು ವರ್ಷ ಅವರು ಒಬ್ಬ ಬೌಲರ್‌ಗೆ ನಾಲ್ಕೋ ಹತ್ತೋ ಓವರ್ ಮಾತ್ರ ಸಿಗುವ ಟಿ20, ಏಕದಿನ ಪಂದ್ಯಗಳಲ್ಲೇ ಇದ್ದರು. ಮೆಟ್ಟಿಲು ಹತ್ತಿಯೇ ಬಂದದ್ದು. ಬುಮ್ರಾ ಕೂಡ ಹಾಗೆಯೇ, ಮೊದಲು ಐರ್ಲೆಂಡಿನಲ್ಲಿ ಟಿ20, ಆಮೇಲೆ ಏಷ್ಯಾ ಕಪ್, ವಿಶ್ವಕಪ್, ಟೆಸ್ಟ್ ಕೊನೆಗೆ.

ನಿಮ್ಮ ಮಗನ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ. ನಾನಾದರೆ ಸಾಮಾನ್ಯವಾಗಿ ಹೀಗೆ ಮಾಡಿಸುತ್ತೇನೆ: ಮೊದಲು ನಡೆದುಕೊಂಡು ಬಂದು ಹಾಕುವುದು, ಆಮೇಲೆ ಅರ್ಧ ರನ್‌ಅಪ್, ವಾರಕ್ಕೆ ಮೂರು ದಿನ ಮಾತ್ರ, ನಡುವೆ ಒಂದು ದಿನ ಕಡ್ಡಾಯ ಬಿಡುವು. ಪ್ರತಿ ಬಾಲನ್ನೂ ಪುಸ್ತಕದಲ್ಲಿ ಬರೆಯಲಿ. ಅಕ್ಟೋಬರ್ ಆಯ್ಕೆಗೆ ಬೌಲರ್ ಆಗಿ ಹೋಗುವುದು ಬೇಡ. ಈ ವರ್ಷ ಬ್ಯಾಟಿಂಗ್ ಮಾಡಲಿ, ಫೀಲ್ಡಿಂಗ್ ಮಾಡಲಿ.

ಒಂದು ವರ್ಷ ಹೋಯಿತು ಅಂತ ಅತ್ತರೆ ಆಸ್ಟ್ರೇಲಿಯಾದ ವೇಗಿ ಪ್ಯಾಟ್ ಕಮಿನ್ಸ್ ಕಥೆ ಹೇಳಿ. 2011ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ 18ನೇ ವಯಸ್ಸಿಗೆ ಮೊದಲ ಟೆಸ್ಟ್, ಎರಡನೇ ಇನ್ನಿಂಗ್ಸ್‌ನಲ್ಲಿ ಆರು ವಿಕೆಟ್, ಪಂದ್ಯಶ್ರೇಷ್ಠ. ಎರಡನೇ ಟೆಸ್ಟ್ ಆಡಿದ್ದು 2017ರ ಮಾರ್ಚ್‌ನಲ್ಲಿ, ನಮ್ಮ ರಾಂಚಿಯಲ್ಲಿ. ಐದು ವರ್ಷಕ್ಕೂ ಜಾಸ್ತಿ. ಪೂಜಾರ 525 ಬಾಲು ಆಡಿದ ಆ ಚಪ್ಪಟೆ ಪಿಚ್‌ನಲ್ಲಿ 39 ಓವರ್ ಹಾಕಿ ನಾಲ್ಕು ವಿಕೆಟ್ ತೆಗೆದರು.

ಸುರತ್ಕಲ್ ವೇಗಿ:
ಪ್ರಸಿದ್ಧ್ ಕೃಷ್ಣ ಹೆಸರೂ ಹೇಳಿ ಅಕ್ಕ. ನಮ್ಮ ಬೆಂಗಳೂರಿನ ಹುಡುಗ, ಬೆನ್ನಿಗೆ ಆಪರೇಷನ್ ಆಯ್ತು, ಆಮೇಲೆ ತೊಡೆಯ ಸ್ನಾಯುವಿಗೂ ಆಯ್ತು. ಮೊನ್ನೆ ಓವಲ್‌ನಲ್ಲಿ ನಾಲ್ಕು ಮತ್ತು ನಾಲ್ಕು, ಎಂಟು ವಿಕೆಟ್. ಸಿರಾಜ್ ಹೆಸರಿನ ಸದ್ದಿನಲ್ಲಿ ಇದು ಯಾರಿಗೂ ಕೇಳಿಸಲಿಲ್ಲ.

ಕುಲಶೇಖರದ ಅಮ್ಮ:
ಮಗನಿಗೆ ಇದನ್ನೆಲ್ಲ ಓದಲು ಕೊಟ್ಟೆ. ಪ್ರಸಿದ್ಧ್ ವಿಷಯ ಅವನಿಗೆ ಗೊತ್ತಿತ್ತಂತೆ. ಕಮಿನ್ಸ್ ವಿಷಯ ಗೊತ್ತಿರಲಿಲ್ಲ, ಐದು ವರ್ಷ ಅವರು ಏನು ಮಾಡುತ್ತಿದ್ದರು ಅಂತ ಕೇಳಿದ. ಅಕ್ಟೋಬರಿಗೆ ಬೌಲಿಂಗ್ ಇಲ್ಲ ಅಂದೆ. ಸುಮ್ನೆ ಕೂತ, ಆದರೆ ಅಳಲಿಲ್ಲ. ಈಗ ತೊಂದರೆ ಅಂದರೆ ಈ ಮಳೆಯಲ್ಲಿ ನಡೆದುಕೊಂಡು ಹಾಕುವುದಕ್ಕೂ ಜಾಗ ಇಲ್ಲ. ಹಳೇ ಕೋಚಿಂಗಿಗೆ ಕಳಿಸಲು ನನಗೆ ಮನಸ್ಸಿಲ್ಲ.

ಬಂದರ್ ಬೌಲರ್:
ನಮ್ಮ ಗೋದಾಮು ಬಂದರಿನಲ್ಲಿ ಉಂಟು ಅಕ್ಕ. ಮಳೆಗಾಲದಲ್ಲಿ ಅರ್ಧ ಖಾಲಿ, ಉದ್ದಕ್ಕೆ ಒಂದು ಪಿಚ್ ಆರಾಮಾಗಿ ಸಿಗುತ್ತದೆ, ಮ್ಯಾಟೂ ಇದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ನೀವೇ ಕರ್ಕೊಂಡು ಬನ್ನಿ, ನಾನೂ ಇರ್ತೇನೆ. ಡಾಕ್ಟರ್ ಎಷ್ಟು ಬಾಲು ಹೇಳ್ತಾರೋ ಅಷ್ಟೇ. ಒಂದು ಜಾಸ್ತಿ ಹಾಕಲು ನಾನು ಬಿಡುವುದಿಲ್ಲ. ಬುಮ್ರಾ ಓವಲ್ ಆಡಬೇಕಿತ್ತು ಅನ್ನುವುದು ಮಾತ್ರ ನಾನು ಬಿಟ್ಟಿಲ್ಲ, ಆ ಜಗಳ ಇಲ್ಲೇ ಮುಂದುವರಿಸುವ.

ಮಣಿಪಾಲ ಫಿಸಿಯೋ:
ಗೋದಾಮಿನ ನೆಲ ಸಿಮೆಂಟ್ ಅಲ್ವಾ ಅಣ್ಣ? ಮುಂಗಾಲು ಬೀಳುವಲ್ಲಿ ಮ್ಯಾಟ್ ಎರಡು ಪದರ ಹಾಕಿ. ಮೊದಲ ಭಾನುವಾರ ಹನ್ನೆರಡು ಬಾಲು, ಎಲ್ಲವೂ ನಡೆದುಕೊಂಡು. ಅಕ್ಕ, ನಿಮ್ಮ ಡಾಕ್ಟರಿಗೆ ಇದನ್ನು ತೋರಿಸಿ, ಅವರು ಹೂಂ ಅಂದರೆ ಮಾತ್ರ. ಆ ಭಾನುವಾರ ನಾನೂ ಕುಡ್ಲಕ್ಕೆ (ಮಂಗಳೂರಿಗೆ) ಬರುವವನಿದ್ದೇನೆ, ಏಳು ಗಂಟೆಗೆ ಬಂದರಿನಲ್ಲಿ ಸಿಗುತ್ತೇನೆ.